ಹದಿನೇಳನೇ ನಂಬರಿನ ಚೀಟಿ

ನಮ್ಮತ್ತೆ ಕೈಗೆ ಏನು ಸಿಕ್ಕರೂ ಮೂರು ಸಲ ಎಳೆದು ನೋಡುತ್ತಾರೆ. ತರಕಾರಿ ಚೀಲದ ಹಿಡಿ, ಪರದೆಯ ದಾರ, ನನ್ನ ಗಂಡನ ಅಂಗಿಯ ಗುಂಡಿ, ಯಾವುದನ್ನೂ ಬಿಟ್ಟವರಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಕೈಚೀಲವನ್ನು ಹಾಗೆ ಜಗ್ಗಿದಾಗ ನನಗೆ ಮೈಯೆಲ್ಲ ಉರಿದುಹೋಗಿತ್ತು. "ಬೇಜಾರು ಮಾಡ್ಕೋಬೇಡಮ್ಮ, ನನ್ನನ್ನೂ ಮೂರು ಸಲ ಎಳೆದು ನೋಡೇ ಒಪ್ಕೊಂಡಿದ್ದು ಇವಳು," ಎಂದು ಮಾವ ನಕ್ಕಿದ್ದರು.

ಎಳೆದು ನೋಡುವುದೇ ಅತ್ತೆಯ ಕೆಲಸ. ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ತಪಾಸಣೆ ಮೇಜಿನ ಮುಂದೆ ನಿಂತವರು. ಮೊದಲು ಶಾಲೆ ಚೀಲ, ಈಚೆಗೆ ಎಳೆ ಮಕ್ಕಳನ್ನು ಎದೆಗೆ ಕಟ್ಟಿಕೊಳ್ಳುವ ಚೀಲ. ಸೊಂಟದ ಪಟ್ಟಿಯನ್ನು ಕಾಲಡಿ ಒತ್ತಿ ಹಿಡಿದು, ಹೆಗಲ ಪಟ್ಟಿಯನ್ನು ಎರಡೂ ಕೈಯಲ್ಲಿ ಮೂರು ಸಲ ಜಗ್ಗಬೇಕು. ಕಿವಿ ಹೊಲಿಗೆಯ ಕಡೆ ಇರಬೇಕು. ದಾರ ಚರ್ ಎಂದರೆ ವಾಪಸ್. ಸದ್ದು ಬರದಿದ್ದರೆ ಮುಂದಿನ ಜೇಬಿಗೆ ಒಂದು ಚೀಟಿ. ಚೀಟಿಯಲ್ಲಿ ಅವತ್ತಿನ ತಾರೀಖು, ಅದರ ಕೆಳಗೆ 'ಪರೀಕ್ಷಿಸಿದವರು: 17'. ಹದಿನೇಳು ಎಂದರೆ ನಮ್ಮತ್ತೆ. ಜಗ್ಗಿ ಜಗ್ಗಿ ಅವರ ಬಲಗೈ ಈಗ ಹೆಗಲಿಂದ ಮೇಲೇಳುವುದಿಲ್ಲ. ತಲೆ ಬಾಚುವುದೂ ಎಡಗೈಯಲ್ಲೇ, ಬೈತಲೆ ಯಾವಾಗಲೂ ಸೊಟ್ಟ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು.

ನನ್ನ ಪಾಡು ಬೇರೆ. ಮಗು ಹುಟ್ಟಿ ಆರು ವಾರ. ಹೊಟ್ಟೆ ಕೊಯ್ದು ತೆಗೆದಿದ್ದರಿಂದ ಬಗ್ಗಿದರೆ ನೋವು, ಎದ್ದರೆ ನೋವು. ಮಗಳೋ, ಹಾಸಿಗೆಗೆ ಬೆನ್ನು ತಾಗಿದ ತಕ್ಷಣ ಸೂರು ಕಿತ್ತುಹೋಗುವಂತೆ ಕಿರುಚುತ್ತಿದ್ದಳು. ಎದೆಗೆ ಒತ್ತಿಕೊಂಡರೆ ಪಿಟಕ್ಕೆನ್ನದೆ ನಿದ್ದೆ. ನನ್ನ ಗಂಡ ಲಾರಿ ಓಡಿಸುವವರು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಅದೇ ಹೆಚ್ಚು. ಮಾವನಿಗೆ ಮಂಡಿನೋವು. ಹಾಗಾಗಿ ಹಗಲಿಡೀ ಮಗು ನನ್ನ ತೋಳಿನಲ್ಲೇ. ಒಂದೇ ಕೈಯಲ್ಲಿ ಉಂಡು, ಒಂದೇ ಕೈಯಲ್ಲಿ ಬಟ್ಟೆ ಹಿಂಡಿ ಜೀವ ಹೈರಾಣಾಗಿತ್ತು. ಒಂದು ಬೆಳಿಗ್ಗೆ ಪೇಸ್ಟಿನ ಮುಚ್ಚಳ ಒಂದೇ ಕೈಯಲ್ಲಿ ತೆಗೆಯಲಾಗದೆ ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ಅದನ್ನು ನೋಡಿ ಅತ್ತೆ, "ಭಾನುವಾರ ಅಂಗಡಿಗೆ ಹೋಗೋಣ. ಚೀಲ ನಾನು ಆರಿಸ್ತೀನಿ," ಎಂದರು.

ಅಂಗಡಿಯಾಕೆ ಮೊದಲು ತೋರಿಸಿದ್ದು ಒಂದು ಉದ್ದನೆಯ ಬಟ್ಟೆ. ಮೈಗೆ ಸುತ್ತಿ ಸುತ್ತಿ ಗಂಟು ಹಾಕಬೇಕು. "ಇದನ್ನ ಸುತ್ಕೊಳ್ಳೋ ಹೊತ್ತಿಗೆ ಮಗೂಗೆ ಹಲ್ಲು ಬಂದಿರುತ್ತೆ," ಎಂದರು ಅತ್ತೆ. ಮುಂದಿನದು ಬಳೆಯಂಥ ಉಂಗುರದೊಳಗೆ ಬಟ್ಟೆ ತೂರಿಸಿ ಬಿಗಿಯುವಂಥದ್ದು, ಒಂದೇ ಹೆಗಲಿನದು. "ಭಾರವೆಲ್ಲ ಒಂದೇ ಕಡೆ. ಮನೇಲಿ ಒಂದು ಕೆಟ್ಟ ಹೆಗಲು ಸಾಕು." ಮೂರನೆಯದರಲ್ಲಿ ಮಗುವಿನ ಕಾಲು ಜೋತುಬೀಳುತ್ತಿತ್ತು. ಮಂಡಿ ಕುಂಡೆಗಿಂತ ಮೇಲಿರಬೇಕಂತೆ, ಗಲ್ಲ ಎದೆಗೆ ಒತ್ತಬಾರದಂತೆ, ಉಸಿರಾಡೋ ಮೂಗು ನಮ್ಮ ಕಣ್ಣಿಗೆ ಕಾಣುತ್ತಿರಬೇಕಂತೆ. ನಾಲ್ಕನೆಯದನ್ನು ನೆಲಕ್ಕೆ ಹಾಕಿ, ಚಪ್ಪಲಿ ಬಿಟ್ಟು, ಕಾಲಲ್ಲಿ ಒತ್ತಿ ಜಗ್ಗಿಯೇಬಿಟ್ಟರು. ಚರ್ ಎಂದಿತು.

"ಅಮ್ಮಾ, ಇದೇನು ಹಗ್ಗಜಗ್ಗಾಟಾನಾ?" ಅಂಗಡಿಯಾಕೆ ಮುಖ ಊದಿಸಿಕೊಂಡಳು.

"ಮಗು ಬಿದ್ಮೇಲೆ ಬಂದು ನಿನ್ನ ಕೇಳ್ಲೇನಮ್ಮ?" ಎಂದು ಅತ್ತೆ ಐದನೆಯದಕ್ಕೆ ಕೈ ಚಾಚಿದರು.

ನನ್ನ ತೋಳು ಮರಗಟ್ಟಿತ್ತು. ಮಗಳು ಎದ್ದು ರಾಗ ಎಳೆಯತೊಡಗಿದ್ದಳು. ಸಾಕಪ್ಪಾ ಸಾಕು ಎನ್ನಿಸಿ ಆಚೆ ತಿರುಗಿದಾಗ ಕೆಳಗಿನ ಕಪಾಟಿನಲ್ಲಿ ಒಂದು ಬೂದು ಚೀಲ ಕಂಡಿತು. ಅತ್ತೆಯ ಕಾರ್ಖಾನೆಯದೇ. ಜೇಬಿಗೆ ಕೈ ಹಾಕಿ ಚೀಟಿ ತೆಗೆದೆ. ಹದಿನೇಳು! ಹೋದ ಜೀವ ಬಂದಂತಾಯಿತು.

"ಅತ್ತೆ, ಇದೇ ಇರಲಿ. ನೀವೇ ನೋಡಿ ಕಳಿಸಿದ್ದು, ಇನ್ಯಾಕೆ ಹುಡುಕೋದು?"

ಅತ್ತೆ ಚೀಟಿ ಈಸಿಕೊಂಡು ಓದಿದರು. ಮುಖ ಸಪ್ಪಗಾಯಿತು. "ಬೇಡ. ಬಣ್ಣ ಚೆನ್ನಾಗಿಲ್ಲ," ಎಂದರು. ಅಂಗಡಿಯಲ್ಲಿದ್ದ ಚೀಲವನ್ನೆಲ್ಲ ಜಗ್ಗಿದವರು ಅದೊಂದನ್ನು ಮಾತ್ರ ಮುಟ್ಟಲಿಲ್ಲ. ಚೀಟಿಯನ್ನು ಮಡಿಸಿ ತಮ್ಮ ಪರ್ಸಿಗೆ ಹಾಕಿಕೊಂಡರು.

ನನಗೆ ರೇಗಿಹೋಯಿತು. "ಊರವರ ಮಕ್ಕಳಿಗೆಲ್ಲ ಆಗುತ್ತೆ, ನಿಮ್ಮ ಮೊಮ್ಮಗಳಿಗೆ ಆಗಲ್ವಾ? ಬಣ್ಣ ಅಂತೆ ಬಣ್ಣ!" ಎಂದು ಜನರೆದುರೇ ಅಂದುಬಿಟ್ಟೆ. ಹಟಕ್ಕೆ ಅದನ್ನೇ ಕೊಂಡೆ. ಬಸ್ಸಿನಲ್ಲಿ ಇಬ್ಬರೂ ಒಂದೊಂದು ಕಿಟಕಿ ನೋಡಿಕೊಂಡು ಬಂದೆವು.

ಮನೆಗೆ ಬಂದವಳೇ ಮಗುವನ್ನು ಮಾವನ ಕೈಗೆ ಕೊಟ್ಟು ಚೀಲ ಕಟ್ಟಿಕೊಂಡೆ. ಮಗುವಿಗೆ ಕೈ ಚಾಚುವಷ್ಟರಲ್ಲಿ ಅತ್ತೆ ಅಡ್ಡ ಬಂದರು.

"ಹಾಕಬೇಡ. ನಿನ್ನ ದಮ್ಮಯ್ಯ, ಬಿಚ್ಚು ಅದನ್ನ."

"ಯಾಕೆ, ಈಗಲೂ ಬಣ್ಣಾನಾ?"

"ಅದನ್ನ ನಾನು ಎಳೆದು ನೋಡಿಲ್ಲ ಕಣಮ್ಮ."

ನನಗೆ ಅರ್ಥವಾಗಲಿಲ್ಲ. ಅತ್ತೆ ಕುರ್ಚಿಯ ಮೇಲೆ ಕುಸಿದು ಕೂತು ಪರ್ಸಿನಿಂದ ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ತಾರೀಖು ನೋಡಿದೆ. ಮಗಳು ಹುಟ್ಟಿದ ಮಾರನೇ ದಿನ.

ಆ ವಾರ ಆಸ್ಪತ್ರೆಯಲ್ಲಿ ನನ್ನ ಮಗ್ಗುಲಲ್ಲಿ ಇದ್ದವರು ಅವರೊಬ್ಬರೇ. ರಜೆ ಕೇಳಿದರೆ ಸೂಪರ್‌ವೈಸರ್ ಕೊಟ್ಟಿರಲಿಲ್ಲ. ರಾತ್ರಿಯೆಲ್ಲ ಮಗುವನ್ನು ಎತ್ತಿಕೊಂಡು ಓಡಾಡಿ, ನನ್ನನ್ನು ಹಿಡಿದು ಬಚ್ಚಲಿಗೆ ನಡೆಸಿ, ಬೆಳಿಗ್ಗೆ ಅಲ್ಲಿಂದಲೇ ಮೇಜಿನ ಮುಂದೆ ಹೋಗಿ ನಿಲ್ಲುತ್ತಿದ್ದರು.

"ಕೈ ಏಳ್ತಿರಲಿಲ್ಲ. ಕಣ್ಣು ಮುಚ್ಚಿ ಹೋಗೋದು. ಚೀಟಿ ಹಾಕೋದು, ಮುಂದಕ್ಕೆ ತಳ್ಳೋದು, ಅಷ್ಟೆ ಮಾಡ್ದೆ. ಐದು ದಿನ." ಅತ್ತೆ ನನ್ನ ಮುಖ ನೋಡಲಿಲ್ಲ. "ಅಂಗಡೀಲೇ ಎಳೆದು ನೋಡಬಹುದಿತ್ತು. ಕೈಗೆ ಕಿತ್ತು ಬಂದ್ರೆ ಅಂತ ಹೆದರಿಕೆ ಆಯ್ತು."

ಅಂಗಡಿಯಲ್ಲಿ ಆಡಿದ ಮಾತು ನೆನಪಾಗಿ ನಾಚಿಕೆಯಿಂದ ಮುಖ ಬಿಸಿಯಾಯಿತು. ಚೀಲ ಬಿಚ್ಚಿ ನೆಲಕ್ಕೆ ಹಾಕಿದೆ. ಅತ್ತೆ ಎದ್ದು ಕಾಲಲ್ಲಿ ಒತ್ತಿ ಜಗ್ಗಿದರು. ಒಂದು. ಎರಡು. ಮೂರು. ಏನೂ ಆಗಲಿಲ್ಲ.

"ನೋಡು, ಗುಂಡುಕಲ್ಲಿನ ಹಾಗಿದೆ," ಎಂದರು ಮಾವ, ಮಗುವನ್ನು ತಟ್ಟುತ್ತ. "ಇನ್ನೆರಡು ವರ್ಷ ಕಣೇ. ಯಾರಿಗೂ ಹೇಳೋಕೆ ಹೋಗಬೇಡ."

ನಾನೂ ಅದನ್ನೇ ಹೇಳಿದೆ. ಸುಳ್ಳೇಕೆ? ನನಗೂ ಸಾಕಾಗಿತ್ತು. "ಸುಮ್ನಿದ್ದುಬಿಡಿ ಅತ್ತೆ. ಗಟ್ಟಿಯಾಗೇ ಇದೆಯಲ್ಲ."

"ಇದು ಗಟ್ಟಿಯಾಗಿದೆ," ಎಂದರು ಅತ್ತೆ. "ಉಳಿದವು?"

ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆವು.

ಸೋಮವಾರ ಅತ್ತೆ ಕಾರ್ಖಾನೆಗೆ ಹೋಗಿ ಹೇಳಿದರು. ಆ ಐದು ದಿನದ ಮಾಲನ್ನು ಕಾರ್ಖಾನೆಯವರು ಅಂಗಡಿಗಳಿಂದ ವಾಪಸ್ ತರಿಸಿದರು. ಆಗಲೇ ಕೊಂಡವರು ತಂದುಕೊಡಲಿ ಎಂದು ಅಂಗಡಿಗಳಲ್ಲಿ ನೋಟಿಸು ಅಂಟಿಸಿದರು. ಬಂದ ರಾಶಿಯನ್ನು ಅತ್ತೆಯೇ ಜಗ್ಗಿ ನೋಡಬೇಕೆಂದು ಅಪ್ಪಣೆಯಾಯಿತು. ಒಂಬತ್ತು ದಿನ ಜಗ್ಗಿದರು. ಸಂಜೆ ಬಂದರೆ ಲೋಟ ಹಿಡಿಯಲೂ ಬೆರಳು ಮಡಚುತ್ತಿರಲಿಲ್ಲ; ಮಾವ ಟೀ ಲೋಟವನ್ನು ಅವರ ಬಾಯಿಗೆ ಹಿಡಿಯುತ್ತಿದ್ದರು. ನಾನು ಮಗುವನ್ನು ತೋಳಿನಲ್ಲೇ ಹೊತ್ತುಕೊಂಡು ಓಡಾಡಿದೆ. ಉಳಿದವುಗಳ ಗತಿ ತಿಳಿಯುವ ತನಕ ಬಾಗಿಲ ಹಿಂದಿನ ಚೀಲಕ್ಕೆ ಕೈ ಹಾಕುವ ಮನಸ್ಸಾಗಲಿಲ್ಲ.

ಹತ್ತನೇ ದಿನ ಅತ್ತೆ ಮಧ್ಯಾಹ್ನಕ್ಕೇ ಮನೆಗೆ ಬಂದರು.

"ಮೂರು ಕಿತ್ತು ಬಂದವು," ಎಂದರು. "ಮೂರು."

"ಕೆಲಸ?" ಎಂದು ಮಾವ ಕೇಳಿದರು.

"ನಾಳೆಯಿಂದ ಬರಬೇಡ ಅಂದ್ರು. ಹದಿನೇಳು ಆಗಲೇ ಬೇರೆಯವಳಿಗೆ ಕೊಟ್ಟಾಯ್ತು. ಚಿಕ್ಕ ಹುಡುಗಿ. ನಾಲ್ಕು ದಿನ ನಾನೇ ಹೇಳಿಕೊಟ್ಟೆ. ಕಿವಿ ಎಲ್ಲಿಟ್ಕೋಬೇಕು ಅಂತ ತೋರಿಸಿದೆ."

ಮಾವ ತಲೆ ತಗ್ಗಿಸಿ ಕೂತರು. ಅತ್ತೆ ನೇರ ಬಾಗಿಲ ಹಿಂದೆ ಹೋಗಿ ಚೀಲ ತೆಗೆದು ನೆಲಕ್ಕೆ ಹಾಕಿದರು. ಕಾಲಲ್ಲಿ ಒತ್ತಿ ಹಿಡಿದು, ಕಿವಿ ವಾಲಿಸಿ, ಎಡಗೈಗೇ ಹೆಚ್ಚು ಭಾರ ಕೊಟ್ಟು, ಮೂರು ಸಲ ಎಳೆದರು. ಪರ್ಸಿನಿಂದ ಆ ಹಳೇ ಚೀಟಿ ಹೊರಗೆ ಬಂತು. ನನ್ನ ಹತ್ತಿರ ಪೆನ್ನು ಕೇಳಿ, ತಾರೀಖನ್ನು ಹೊಡೆದುಹಾಕಿ, ಪಕ್ಕದಲ್ಲಿ ಇವತ್ತಿನದನ್ನು ಬರೆದರು. ಬೆರಳು ಮಡಚದೆ ಅಂಕಿ ವಕ್ರವಾಯಿತು. ಚೀಟಿಯನ್ನು ಜೇಬಿಗೆ ತೂರಿಸಿದರು.

"ಈಗ ಕಟ್ಕೋ."

ಕಟ್ಟಿಕೊಂಡೆ. ಅತ್ತೆ ಮಗಳ ಮಂಡಿ ಮೇಲೆತ್ತಿ ಕೂರಿಸಿ, ಗಲ್ಲ ಸರಿಮಾಡಿ, ನೆಲದ ಮೇಲೆ ಕೂತರು. ಮಗಳು ಎರಡು ಸಲ ಮುಲುಗಿ ನಿದ್ದೆ ಹೋದಳು. ಆರು ವಾರ, ಅದರ ಮೇಲೆ ಇಷ್ಟು ದಿನ ಆದಮೇಲೆ ನನ್ನ ಎರಡೂ ಕೈ ಖಾಲಿಯಾದವು. ಏನು ಮಾಡಬೇಕೆಂದು ತಕ್ಷಣ ಹೊಳೆಯಲಿಲ್ಲ. ಆಮೇಲೆ ಒಳಗೆ ಹೋಗಿ ಬಾಚಣಿಗೆ ತಂದು, ಅತ್ತೆಯ ಹಿಂದೆ ಕುರ್ಚಿ ಎಳೆದುಕೊಂಡು ಕೂತೆ.

"ಬಿಡಮ್ಮ, ನಿನಗ್ಯಾಕೆ," ಎಂದರು.

"ಸುಮ್ನೆ ಕೂತ್ಕೊಳ್ಳಿ ಅತ್ತೆ."

ಸಿಕ್ಕು ಬಿಡಿಸಿ, ನೇರ ಬೈತಲೆ ತೆಗೆಯುವಷ್ಟರಲ್ಲಿ ಅವರೂ ನಿದ್ದೆ ಹೋಗಿದ್ದರು.