ಹಸಿ ಸುಣ್ಣ

ನಮ್ಮ ಹೊಲಿಗೆ ಅಕ್ಕೋರ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿ ತರಿತರಿಯಾಗಿತ್ತು. ಅದನ್ನೇ ನಮ್ಮ ಹೊಲಿಗೆಯ ಮೇಲೆ ಆಡಿಸಿ, ಬಟ್ಟೆಯ ಕಡೆ ನೋಡದೆಯೇ, “ಇಲ್ಲಿ ತಪ್ಪೈತೆ, ಬಿಚ್ಚು. ಮುಟ್ಟಿ ನೋಡಿದ್ಯೇನೇ?” ಎನ್ನುತ್ತಿದ್ದರು. ಹರಿಹರದ ಆ ಹುಡುಗಿಯರ ಶಾಲೆಯಲ್ಲಿ ನಾನು ಒಂದು ಲಂಗದ ಅಂಚನ್ನು ನಾಲ್ಕು ಸಲ ಬಿಚ್ಚಿದ್ದೇನೆ.

ಎಂಟನೇ ತರಗತಿಯ ದೀಪಾವಳಿ ರಜೆಯಲ್ಲಿ ಅವರು ನಮ್ಮಲ್ಲಿ ಒಂಬತ್ತು ಹುಡುಗಿಯರನ್ನು ಗುಡ್ಡದಡಿ ಕೆರೆಯಿರುವ ಕೊಂಡಜ್ಜಿಗೆ ಶಿಬಿರಕ್ಕೆ ಕರೆದೊಯ್ದರು. ಅಮಾವಾಸ್ಯೆಯ ಸಂಜೆ ಗುಡ್ಡ ಹತ್ತಿ ಹರಿಹರ, ದಾವಣಗೆರೆ ಎರಡೂ ಊರಿನ ಬಾಣಬಿರುಸು ನೋಡುವುದೆಂದಾಯಿತು. ಇಳಿಯುವಾಗ ದಾರಿ ತಪ್ಪಬಾರದೆಂದು ಅಕ್ಕೋರು ತಂಬಿಗೆಯಲ್ಲಿ ಸುಣ್ಣ ಕಲಸಿ ನನ್ನ ಕೈಗೆ ಕೊಟ್ಟರು. ತಿರುವು ಬಂದಲ್ಲೆಲ್ಲ ಬಂಡೆಗೆ ದಪ್ಪಗೆ ಬಳಿಯುವುದು ನನ್ನ ಕೆಲಸ. ನನಗೆ ಜಂಬವೋ ಜಂಬ.

ಅಂಗಡಿಗಳ ಲಕ್ಷ್ಮೀಪೂಜೆ ಮುಗಿದದ್ದೇ ತಡ, ದಾವಣಗೆರೆಯ ಉದ್ದಕ್ಕೂ ಬೆಳಕು ಚಿಮ್ಮಿತು. ಸದ್ದು ಮಾತ್ರ ನಮಗೆ ಕೇಳುತ್ತಿರಲಿಲ್ಲ. ಕಣ್ತುಂಬ ನೋಡಿ ಹಿಂದೆ ತಿರುಗಿದರೆ ಕಗ್ಗತ್ತಲು.

ಒಬ್ಬರ ದಾವಣಿ ಒಬ್ಬರು ಹಿಡಿದು ಇಳಿದೆವು. ಗುರುತು ಹಾಕಿದವಳೆಂದು ಕಂದೀಲು ಹಿಡಿದು ಮುಂದೆ ನಾನು. ಯಾರೂ ಹಿಂದುಳಿಯದಂತೆ ಕೊನೆಯಲ್ಲಿ ಅಕ್ಕೋರು. ಎಡಕ್ಕೆ ಬೆಳ್ಳಗೆ ಕಂಡಿತು, ತಿರುಗಿದೆ. ಮತ್ತೊಂದು ಬಿಳಿ ಕಲ್ಲು. ಇನ್ನೊಂದು. ಇಷ್ಟು ಹತ್ತಿರ ಹತ್ತಿರ ನಾನು ಬಳಿದಿದ್ದೆನೇ? ಕೇಳಲು ಹೆದರಿಕೆ, ನಿಲ್ಲಲು ನಾಚಿಕೆ. ಅಷ್ಟರಲ್ಲಿ ಕಾಲಡಿಯ ಕಲ್ಲೊಂದು ಜಾರಿತು. ಅದು ಬಿದ್ದ ಸದ್ದು ಬಹಳ ಹೊತ್ತು ಬರಲೇ ಇಲ್ಲ. ಆಮೇಲೆ ಎಲ್ಲೋ ಕೆಳಗೆ, ಕೆರೆಯ ನೀರಿನಲ್ಲಿ, ಗುಳುಂ ಎಂದಿತು.

“ಯಾರೂ ಅಲ್ಲಾಡಬ್ಯಾಡ್ರಿ!”

ಅಕ್ಕೋರು ಒಬ್ಬೊಬ್ಬರ ಭುಜ ಮುಟ್ಟುತ್ತ ಮುಂದೆ ಬಂದರು. ಬಿಳಿ ಕಲ್ಲಿನ ಮೇಲೆ ಆ ಜಡ್ಡು ಬೆರಳು ಒರೆಸಿ ಕಂದೀಲಿಗೆ ಹಿಡಿದರು. ಹತ್ತಿದ್ದು ಒಣ ಪುಡಿ. “ಇದು ನಮ್ಮ ಸುಣ್ಣ ಅಲ್ಲ. ಹಬ್ಬಕ್ಕೆ ಊರೋರು ದೇವರ ಕಲ್ಲಿಗೆ ಬಳ್ದಿದ್ದು.”

ನಮ್ಮ ಮುಂದೆ ಇನ್ನು ಎರಡು ಹೆಜ್ಜೆ ನೆಲವಿತ್ತು, ಅಷ್ಟೇ. “ನಂದೇ ತಪ್ಪು ಅಕ್ಕೋರೆ” ಎಂದು ಅತ್ತುಬಿಟ್ಟೆ.

“ಅಳೋದು ಆಮ್ಯಾಲೆ. ಒಂದೊಂದೇ ಕಲ್ಲು ಮುಟ್ಟಿ ನೋಡು. ಹಸಿ ಇದ್ರೆ ನಿಂದು.”

ನನ್ನ ಮಣಿಕಟ್ಟು ಹಿಡಿದು ಬಂದ ದಾರಿಯಲ್ಲೇ ಮೇಲೆ ಹತ್ತಿಸಿದರು. ಒಣ ಕಲ್ಲು, ಒಣ ಕಲ್ಲು. ಕೊನೆಗೆ ಬೆರಳಿಗೆ ತಣ್ಣಗೆ ಹಸಿ ಹತ್ತಿತು. ಡೇರೆ ಮುಟ್ಟುವವರೆಗೂ ಅವರು ಕೈ ಬಿಡಲಿಲ್ಲ.

ವಿಷಯ ಊರಿಗೆ ಮುಟ್ಟಿತು. ಹುಡುಗಿಯೊಬ್ಬಳ ತಂದೆ ಶಾಲೆಗೆ ಬಂದು ಕೂಗಾಡಿದರು. “ದಾರಿ ತಪ್ಸಿದ್ದು ನಾನೇ ರೀ” ಎಂದರು ಅಕ್ಕೋರು. ಬಾಗಿಲ ಹಿಂದೆಯೇ ಇದ್ದ ನಾನು ತುಟಿ ಬಿಚ್ಚಲಿಲ್ಲ. ಶಾಲೆಯವರು ಮತ್ತೆ ಯಾವ ವರ್ಷವೂ ಅಕ್ಕೋರ ಕೈಗೆ ಶಿಬಿರ ಕೊಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ದಾವಣಗೆರೆಯ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ಕೂತು ಕ್ಷಮೆ ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟಿಗಾಗಿ ತಡಕಿದರು.

“ಅವತ್ತು ನಿನ್ನ ಕೈ ಯಾಕ ಹಿಡ್ಕಂಡಿದ್ದೆ ಅಂತ ತಿಳ್ಕಂಡಿದ್ದಿ? ನಂಗೆ ಹೆದ್ರಿಕೆ ಆಗಿತ್ತು ಕಣೇ.”

ಅದೇ ವಾರ ಹೋಗಿಬಿಟ್ಟರು. ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟು ಹಿಡಿದಿದ್ದ ಆ ತೋರುಬೆರಳು, ಹೊಲಿಗೆ ಬಿಟ್ಟು ಬಹಳ ಕಾಲವಾಗಿ, ಮಗುವಿನದರಷ್ಟು ನುಣ್ಣಗಾಗಿತ್ತು.