ಮೈಕಿನಲ್ಲಿ ಬಂದ ಹೆಸರು

ಗುಮಾ ಎಂಬ ಹಳ್ಳಿಯಿಂದ ಮದುವೆಯಾಗಿ ಈ ಕಣಿವೆಗೆ ಬಂದು ನಲವತ್ತಾರು ವರ್ಷವಾದರೂ ಊರಿಗೆಲ್ಲ ಅವಳು ಗುಮಾದವಳೇ. ಮಕ್ಕಳಾಗಿದ್ದರೆ ಇಂಥವನ ಅಮ್ಮ ಎಂದಾದರೂ ಕರೆಯುತ್ತಿದ್ದರು, ಅದೂ ಆಗಲಿಲ್ಲ. ಗಂಡ ಗಿಲ್ಸು ‘ಏ, ಇಲ್ನೋಡು’ ಅನ್ನುತ್ತಿದ್ದ. ಅವನು ತೀರಿಹೋಗಿ ಎರಡು ಚಳಿಗಾಲ ಕಳೆದಿತ್ತು. ಬೆಳಗಿನಿಂದ ಯಾರೊಡನೆಯೂ ಮಾತಿಲ್ಲದೆ ಸಂಜೆ ಕೆಮ್ಮಿದರೆ ಅವಳ ದನಿ ಅವಳಿಗೇ ಹೊಸದೆನಿಸುತ್ತಿತ್ತು.

ಜೂನ್‌ನಲ್ಲಿ ಇಪ್ಪತ್ತೇ ನಿಮಿಷ ಬಿದ್ದ ಆಲಿಕಲ್ಲು ಅವಳ ಮೆಣಸಿನಕಾಯಿ ಹೊಲವನ್ನು ಬೋಳಿಸಿಬಿಟ್ಟಿತು. ಜಿಲ್ಲಾ ಕಚೇರಿ ತುರ್ತು ಪರಿಹಾರ ಕೊಡುತ್ತೇನೆಂದಿತು. ಅದು ಸಿಕ್ಕರೆ ಈ ವರ್ಷವೇ ಕೋಸಿನ ಸಸಿ ನೆಡಬಹುದು; ಸಿಗದಿದ್ದರೆ ಹೊಲ ಮಾರುವುದೇ. ಹೊಲವೂ ಹೋದರೆ ಬೆಳಿಗ್ಗೆ ಎದ್ದು ಯಾರ ಮುಖ ನೋಡುವುದು? ಹೊಲದ ದಾಖಲೆ ಇನ್ನೂ ಗಿಲ್ಸುವಿನ ಹೆಸರಲ್ಲೇ ಇತ್ತು. ಅದನ್ನು ತನ್ನ ಹೆಸರಿಗೆ ಮಾಡಿಸಲು ಪಟ್ಟಣಕ್ಕೆ ಹೋಗಿ ಗುರುತಿನ ಚೀಟಿ ಕೊಟ್ಟಳು. ಗುಮಾಸ್ತೆ ಹೆಸರು ಕೇಳದೆ ಚೀಟಿಯನ್ನೇ ನೋಡಿ ಬರೆದುಕೊಂಡಳು. ಅದೇ ಚೀಟಿ ತೋರಿಸಿ, ಸಹಿಯ ಬದಲು ಒತ್ತಲು ಹೆಸರಿನ ಹೊಸ ಮುದ್ರೆಯೊಂದನ್ನು ಕೆತ್ತಿಸಿ ಸೊಂಟದ ಚೀಲದಲ್ಲಿಟ್ಟುಕೊಂಡು ಹಿಂತಿರುಗಿದಳು.

ಆಗಸ್ಟ್‌ನ ಮಧ್ಯಾಹ್ನ ಸಮುದಾಯ ಭವನದ ಮೈಕಿನಲ್ಲಿ ಊರ ಮುಖ್ಯಸ್ಥ ಓಕ್‌ನ ದನಿ ಕಣಿವೆ ತುಂಬಿತು.

“ಕೇಳಿಸ್ಕೊಳ್ಳಿ! ಪರಿಹಾರದೋರು ಬಂದಿದಾರೆ. ಹೆಸರು ಕರೆದೋರು ಮುದ್ರೆ ತಗೊಂಡು ಬನ್ನಿ. ನಾಲ್ಕಕ್ಕೆ ಅವರ ಕಾರು ಹೊರಡತ್ತೆ. ಆಮೇಲೆ ಬಂದು ಅತ್ರೆ ನಾನು ಕೇಳೋನಲ್ಲ!”

ಹೊಲದಲ್ಲಿ ಒಣಗಿದ ಗಿಡಗಳ ಗೂಟ ಕೀಳುತ್ತ ಅವಳು ಕಿವಿಯೆಲ್ಲ ಅತ್ತಲೇ ಇಟ್ಟಿದ್ದಳು. ಹೆಸರುಗಳು ಒಂದೊಂದೇ ಬಂದವು. ಗುಮಾದವಳ ಸುದ್ದಿಯೇ ಇಲ್ಲ. ನಡುವೆ ಬಾಂಗ್ ಸುನಿಮ್ ಎಂಬ ಯಾರನ್ನೋ ಎರಡು ಸಲ ಕರೆದಾಯಿತು.

ಬದುವಿನಾಚೆಯಿಂದ ಯೊಂಗ್ಹೊನ ಅಮ್ಮ ಕೂಗಿದಳು. “ಗುಮಾದಕ್ಕಾ, ಯಾರೇ ಅದು ಬಾಂಗ್ ಸುನಿಮ್? ಆಗ್ಲಿಂದ ಬಡ್ಕೋತಿದಾನಲ್ಲ!”

“ನಂಗೇನ್ ಗೊತ್ತೇ ತಾಯಿ. ದುಡ್ಡು ಕೊಡ್ತೀವಿ ಅಂದ್ರೂ ಬರಲ್ಲ, ಎಂಥಾ ಮಹಾರಾಣಿಯೋ!”

ಇಬ್ಬರೂ ನಕ್ಕರು.

“ಬಾಂಗ್ ಸುನಿಮ್! ಇದೇ ಕೊನೇ ಸಲ. ಇಂಥೋರು ಈ ಊರಲ್ಲಿ ಇದಾರೋ ಇಲ್ವೋ? ಇಲ್ಲಾಂದ್ರೆ ಹೆಸರು ಹೊಡೆದು ಹಾಕ್ತಾರೆ!”

“ಇಲ್ಲ ಕಣಪ್ಪ,” ಎಂದು ಅವಳೇ ಗೊಣಗಿದಳು. ತನ್ನ ಸರದಿ ಯಾವಾಗಲೋ ಎಂಬ ಕಳವಳಕ್ಕೆ ಚೀಲದಿಂದ ಮುದ್ರೆ ತೆಗೆದು ನೋಡಿದಳು. ಕೆತ್ತಿದ್ದು ಅವಳದೇ ಹೆಸರು. ಬಾಂಗ್ ಸುನಿಮ್.

ಗೂಟ ಬಿಸಾಕಿ, ಒಂದು ಕಾಲಿನ ಚಪ್ಪಲಿ ಕೆಸರಿಗೆ ಬಿಟ್ಟು ಓಡಿದಳು. ಸಮುದಾಯ ಭವನದ ಮುಂದೆ ಕಾರು ಆಗಲೇ ಹೊರಡುತ್ತಿತ್ತು. ಅದರ ಮುಂದೆಯೇ ಹೋಗಿ ನಿಂತಳು.

“ನಾನೇ! ಬಾಂಗ್ ಸುನಿಮ್ ನಾನೇ!”

“ಅಯ್ಯೋ, ಗುಮಾದಕ್ಕ!” ಓಕ್ ಹಣೆ ಚಚ್ಚಿಕೊಂಡ. “ನಿಮ್ಗೂ ಒಂದು ಹೆಸರಿದ್ಯಾ?”

ಅಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಅಧಿಕಾರಿ ಮುದ್ರೆ ಒತ್ತಿಸಿಕೊಂಡ. ಹೊಲ ಉಳಿಯಿತು.

ಹತ್ತು ದಿನ ಕಳೆದು ಬೆಳಿಗ್ಗೆ ಅವಳು ಅನ್ನಕ್ಕೆ ನೀರಿಡುವಾಗ ಮೈಕು ಗರಗರ ಎಂದಿತು. ಪಾತ್ರೆ ಕೆಳಗಿಟ್ಟು ಅಂಗಳಕ್ಕೆ ಬಂದಳು.

“ಗುಮಾದಕ್ಕ, ನಿಮ್ಮ ಕೋಸಿನ ಸಸಿ ಬಂದಿದೆ. ಬೇಗ ಬಂದು ತಗೊಂಡು ಹೋಗಿ.”

ಹೊರಟವಳು ಮತ್ತೆ ನಿಂತಳು. ಮುದ್ರೆಯಲ್ಲಿದ್ದ ಹೆಸರು ಹಿಡಿದು ಇನ್ನೊಂದು ಸಲ ಕರೆಯಬಹುದೇನೋ ಎಂದು ಕಾದಳು. ಮೈಕು ಟಪ್ಪೆಂದು ಬಂದ್ ಆಯಿತು.