ಬೀಗ ಹಾಕಿದ ಹೆರಿಗೆ ಕೋಣೆ

ನಾನು ನಿಂತಿದ್ದು ಐನಾಪುರದ ಆಚೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ, ಕುಡಿಯುವ ನೀರಿನ ಹಂಡೆಯ ಪಕ್ಕ. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಸೋಮವಾರ, ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಕಬ್ಬು ಕಡಿಯುವಾಗ ಕಾಲಿಗೆ ಕುಡಗೋಲು ತಾಗಿತ್ತು. ಪಟ್ಟಿ ಬದಲಿಸಿಕೊಳ್ಳಲು ಹೋಗಿದ್ದೆ. ಎದುರಿಗೇ ಹೆರಿಗೆ ಕೋಣೆ. ಅದಕ್ಕೆ ಬೀಗ.

ಜಿಲ್ಲೆಯಿಂದ ತಪಾಸಣೆಯವರು ಬರುವವರಿದ್ದರು. ಕೇಂದ್ರದ ಗುಣಮಟ್ಟಕ್ಕೆ ಅಂಕ ಹಾಕುವುದು ಅವರ ಕೆಲಸ. ಅದಕ್ಕಾಗಿ ಡಾಕ್ಟರು ಹಿಂದಿನ ದಿನವೇ ಕೋಣೆ ತೊಳೆಸಿ, ತಮ್ಮ ಮನೆಯ ಇಸ್ತ್ರಿ ಮಾಡಿದ ಬಿಳಿ ಚಾದರ ಹಾಸಿ, ಉಪಕರಣಗಳನ್ನೆಲ್ಲ ಟ್ರೇಯಲ್ಲಿ ಜೋಡಿಸಿ, ಬೀಗ ಜಡಿದು ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡಿದ್ದರು. ಈಗ ಹಾರ ಹಿಡಿದು ರಸ್ತೆಯ ಮೇಲೆ ಕಾಯುತ್ತಿದ್ದರು.

ಅಷ್ಟರಲ್ಲಿ ಚಕ್ಕಡಿಯೊಂದು ಬಂತು. ಒಳಗೆ ಬೇನೆ ತಿನ್ನುತ್ತಿದ್ದ ಹೆಣ್ಣುಮಗಳು, ಜೊತೆಗೆ ಅವಳ ಅತ್ತೆ. ಹೊಡೆದುಕೊಂಡು ಬಂದವನು ಗಂಡ.

“ಬಾಗಿಲಾ ತಗೀರಿ ಬಾಯಾರ,” ಎಂದಳು ಅತ್ತೆ, ಬಾಗಿಲ ಬಳಿ ನಿಂತಿದ್ದ ನರ್ಸಿಗೆ.

“ಸಾಹೇಬ್ರು ನೋಡೂತನಕ ತಗ್ಯಾಕ ಬರಂಗಿಲ್ಲಬೇ. ಚಾದರ ಹೊಲಸ ಆಗತೈತಿ,” ಎಂದರು ನರ್ಸು.

“ನನ್ನ ಸೊಸಿ ಚಾದರ ನೋಡಾಕ ಬಂದಾಳೇನ್ರಿ? ಹಡ್ಯಾಕ ಬಂದಾಳ!”

ನರ್ಸು ಕೀಲಿಗಾಗಿ ಜವಾನನನ್ನು ರಸ್ತೆಗೆ ಓಡಿಸಿದರು. ಅವನು ಬರಿಗೈಯಲ್ಲಿ ಬಂದ. “ಅರ್ಧಾ ತಾಸ ತಡ್ಕೋ ಅನ್ನು ಅಂದ್ರು ಡಾಕ್ಟರ ಸಾಹೇಬ್ರು.”

ಬೇನೆಗೆ ಹಾಗೆಂದು ಯಾರು ಹೇಳಬೇಕು? ಪಡಸಾಲೆಯ ನೆಲದ ಮೇಲೆ, ಅತ್ತೆ ಹಿಡಿದ ಕಂಬಳಿಯ ಮರೆಯಲ್ಲಿ ಹೆರಿಗೆಯಾಯಿತು. ನಾನು ಮುಖ ತಿರುಗಿಸಿ ನಿಂತಿದ್ದೆ. ಮಗು ಅಳಲಿಲ್ಲ.

ಆಗಲೇ ಜೀಪು ಬಂತು. ಡಾಕ್ಟರು ಬೀಗ ತೆಗೆದರು. ತಪಾಸಣೆಯ ಅಧಿಕಾರಿ ಕಂಬಳಿಯನ್ನು ಸುತ್ತುಹಾಕಿ ಕೋಣೆಯೊಳಗೆ ಹೋದರು. ಮಗುವಿನ ಗಂಟಲ ಲೋಳೆ ಎಳೆಯುವ ನಳಿಕೆ ಆ ಟ್ರೇಯಲ್ಲಿತ್ತು. ನರ್ಸು ಅವರ ಹಿಂದೆಯೇ ನುಗ್ಗಿದರು.

“ಟ್ರೇ ಮುಟ್ಟಬ್ಯಾಡ, ಸಾಹೇಬ್ರು ಇನ್ನೂ ನೋಡಿಲ್ಲ!” ಇದು ಡಾಕ್ಟರ ದನಿ.

“ಚಪ್ಪಲಿ ಹಾಕ್ಕೊಂಡು ಒಳಗ ಬರ್ತೀರೇನ್ರಿ?” ಇದು ಅಧಿಕಾರಿಯದು.

ನರ್ಸು ನಳಿಕೆ ಕಿತ್ತುಕೊಂಡು ಬಂದರು. ಒಂದು ತುದಿ ಮಗುವಿನ ಬಾಯಲ್ಲಿ, ಇನ್ನೊಂದು ತಮ್ಮ ಬಾಯಲ್ಲಿ. ಎಳೆದರು. ಮತ್ತೆ ಎಳೆದರು. ಮಗು ಅತ್ತಿತು.

ಒಳಗಿನ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಸಿಗೆಗೆ ಪೂರ್ಣ ಅಂಕ. ಚಪ್ಪಲಿಯ ದೆಸೆಯಿಂದ ಸ್ವಚ್ಛತೆಯಲ್ಲಿ ಒಂದು ಕಡಿಮೆ. ಉಪಕರಣದಲ್ಲೂ ಒಂದು ಕಡಿಮೆ, ನಳಿಕೆ ಜಾಗದಲ್ಲಿರಲಿಲ್ಲವಲ್ಲ! ಅದು ಎಲ್ಲಿ ಹೋಯಿತೆಂದು ಒಬ್ಬರಾದರೂ ಹೊರಗೆ ಇಣುಕಿ ನೋಡಬಾರದೆ?

ನಾನು ಹೇಳಿದರೆ ನಂಬದವರಿದ್ದಾರೆ. ಬೇಕಾದರೆ ಅಲ್ಲಿದ್ದವರನ್ನೇ ಕೇಳಲಿ. ಅತ್ತೆ ಈಗಿಲ್ಲ. ಡಾಕ್ಟರು, ಅಧಿಕಾರಿ ಎಲ್ಲಿದ್ದಾರೋ ತಿಳಿಯದು. ನರ್ಸು ಸದಲಗಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ಗಂಡ ಹೆಂಡತಿ ಇನ್ನೂ ತಮ್ಮ ಊರಲ್ಲೇ ಇದ್ದಾರೆ. ಜವಾನನೂ ಇದ್ದಾನೆ, ಮಾತು ಕೊಂಚ ತೊದಲುತ್ತದೆ.